ಫ್ರಿಜ್ಜಿನ ರಿಪೇರಿಯೂ ಅತ್ತೆಯ ಹೆಪ್ಪೂ

ಶಿವಲೀಲಾ ತವರಿಗೆ ಹೊರಡುವಾಗ ಗಂಡನಿಗೆ ಹೇಳಿದ್ದು ಒಂದೇ ಮಾತು. "ರೀ, ಕಳ್ಳ ಬಂದು ಏನು ಬೇಕಾದರೂ ಒಯ್ಯಲಿ, ನಾ ಕೇಳಂಗಿಲ್ಲ. ಫ್ರಿಜ್ಜಿನಾಗೆ ಅವ್ವನ ಹೆಪ್ಪು ಐತೆ. ಅದೊಂದು ಜ್ವಾಕೆ."

ಕಲ್ಲೇಶ್ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ರೈಟರು. ಸಾವಿರಾರು ಚೀಲ ಭತ್ತವನ್ನು ಒಂದೂ ಹೆಚ್ಚುಕಡಿಮೆಯಾಗದಂತೆ ಕಾದವನಿಗೆ ಒಂದು ಕುಡಿಕೆ ಮೊಸರು ಕಾಯುವುದು ಯಾವ ದೊಡ್ಡ ಕೆಲಸ! ಆದರೆ ಅದು ಬರೀ ಮೊಸರಲ್ಲ. ಅತ್ತೆ ಕಳೆದ ಕಾರ್ತಿಕದಲ್ಲಿ ಶಿವನ ಪಾದ ಸೇರಿದಾಗ ಶಿವಲೀಲಾ ಜಗಳೂರಿನಿಂದ ಬೇರೇನನ್ನೂ ತರಲಿಲ್ಲ. ಅವ್ವ ಕೊನೆಯ ಬಾರಿ ಹೆಪ್ಪು ಹಾಕಿದ್ದ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ತುಂಬಿ, ಬಸ್ಸಿನಲ್ಲಿ ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಅಂದಿನಿಂದ ದಿನಾ ರಾತ್ರಿ ಅದರಿಂದಲೇ ಹಾಲಿಗೆ ಹೆಪ್ಪು. ಸತ್ತವರ ಸೀರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಪಟ ಗೋಡೆಯ ಮೇಲೆ ಉಳಿಯುತ್ತದೆ. ಕೈರುಚಿ ಉಳಿಯುವುದು ಎಲ್ಲಿ? ಶಿವಲೀಲಾಳ ಪಾಲಿಗೆ ಅದು ಆ ಕುಡಿಕೆಯಲ್ಲಿ ಉಳಿದಿತ್ತು.

ಇವತ್ತು ಸಂಜೆಯ ಬಸ್ಸಿಗೆ ಅವಳು ಅಪ್ಪ ಷಣ್ಮುಖಪ್ಪನವರನ್ನು ಕರೆದುಕೊಂಡು ಬರುವವಳಿದ್ದಳು. ಹೆಂಡತಿ ಹೋದ ಮೇಲೆ ಆ ಹಿರಿಯರಿಗೆ ಅನ್ನ ಮಣ್ಣಾಗಿತ್ತು. ಎರಡನೇ ತುತ್ತಿಗೇ ತಾಟು ಸರಿಸಿ ಏಳುತ್ತಿದ್ದರು. "ಅವ್ವನ ಮೊಸರು ಕಲಸಿ ಕೊಟ್ಟರೆ ಅಪ್ಪ ನಾಲ್ಕು ತುತ್ತು ಉಣ್ತಾನೆ" ಎಂಬುದು ಮಗಳ ಆಸೆ.

ಬೆಳಿಗ್ಗೆ ಕಲ್ಲೇಶ್ ಚಹಾಕ್ಕೆ ಹಾಲು ಕಾಯಿಸಿದ. ಹಾಲು ಒಡೆಯಿತು. ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿದರೆ ಬಿಸಿಲಿಗೆ ನಿಂತ ಬಸ್ಸಿನ ಸೀಟಿನ ಹಾಗೆ ಬೆಚ್ಚಗಿತ್ತು. ಮೇಲಿನ ಬಾಗಿಲು ತೆಗೆದರೆ ಗೋಡೆಯ ತುಂಬ ಬಿಳಿ ಬಿಳಿ ಮಂಜುಗಡ್ಡೆ. ಒಳಗಿನಿಂದ ಹಲ್ಲಿಲ್ಲದ ಮುದುಕ ಕಡಲೆ ಅಗಿದಂತೆ ಕಟಕಟ ಸದ್ದು.

ಸದ್ದು ಕೇಳಿ ಪಕ್ಕದ ಮನೆಯ ಜಂಪಣ್ಣ ಬಂದ. ಕರೆಯದೇ ಬರುವುದರಲ್ಲಿ ನೊಣವನ್ನು ಬಿಟ್ಟರೆ ಅವನೇ.

"ಹೇ, ಇದೇನು ಮಹಾ! ಒಂದು ಹಿಡಿ ಉಪ್ಪು ಉಗ್ಗಿ, ಕುಡುಗೋಲಿನಾಗೆ ಕೆತ್ತು."

"ಬ್ಯಾಡ ಮಾರಾಯ, ಪೈಪಿಗೆ ತೂತು ಬಿದ್ದರೆ ಗ್ಯಾಸೆಲ್ಲ ಹೋಗ್ತದೆ ಅಂತಾರೆ. ರಿಪೇರಿ ಮಾಡೋ ಕೆಂಚೇಶನ್ನ ಕರ್ಕೊಂಡು ಬರ್ತೀನಿ. ಆ ಪುಣ್ಯಾತ್ಮ ಫೋನ್ ಎತ್ತಂಗಿಲ್ಲ. ನೀ ಒಂದೀಟು ಮನೆ ಕಡೆ ನೋಡ್ಕ."

ಕಲ್ಲೇಶ್ ಮಾಡಿದ ತಪ್ಪು ಇದೇ.

ಬಸ್‌ಸ್ಟ್ಯಾಂಡಿನ ಹತ್ತಿರ ಕಲ್ಲೇಶ್ ಹಿಡಿದು ಬೈಕಿನ ಹಿಂದೆ ಕೂರಿಸಿಕೊಂಡು ಕರೆತಂದ ಕೆಂಚೇಶ್ ಫ್ರಿಜ್ಜಿಗೆ ಕಿವಿಯಾನಿಸಿ, ಹೆಸರಾಂತ ಡಾಕ್ಟರರ ಹಾಗೆ ಕಣ್ಣು ಮುಚ್ಚಿದ.

"ಸಾರ್, ಮೇಲೆ ಹಿಮಾಲಯ, ಕೆಳಗೆ ನಿಮ್ಮ ಮಾವನ ಮನೆ ಜಗಳೂರಿನ ಬಿಸಿಲು. ಮಂಜು ಕಟ್ಟಿ ಫ್ಯಾನು ಸಿಕ್ಕಾಕ್ಕೊಂಡೈತೆ. ತಂಪು ಗಾಳಿ ಕೆಳಗೆ ಇಳಿಯಾಕೆ ದಾರಿನೇ ಇಲ್ಲ."

"ಮಂಜು ಯಾಕೆ ಕಟ್ತು?"

"ಒಳಗೊಂದು ಹೀಟರ್ ಇರ್ತದೆ. ಆಗಾಗ ತಾನೇ ಕಾದು ಮಂಜು ಕರಗಿಸ್ತದೆ, ನೀರು ಹಿಂದಿನ ಟ್ರೇಗೆ ಇಳೀತದೆ. ಅದು ಕೆಲಸ ಬಿಟ್ಟೈತೆ. ಹೀಟರೋ, ಸೆನ್ಸಾರೋ, ಫ್ಯೂಜೋ, ಮಂಜು ಪೂರ್ತಿ ಇಳಿದ ಮೇಲೆ ಮೀಟರ್ ಹಚ್ಚಿ ನೋಡಬೇಕು. ಕರೆಂಟ್ ತೆಗ್ದು, ಬಾಗಿಲು ತೆರೆದು, ಒಳಗಿರೋದೆಲ್ಲ ಖಾಲಿ ಮಾಡ್ರಿ. ಮಧ್ಯಾಹ್ನದ ಮ್ಯಾಲೆ ಮತ್ತೆ ಬರ್ತೀನಿ."

"ಖಾಲಿ ನಾ ಆಗ್ಲೇ ಮಾಡೀನಿ!" ಎಂದ ಜಂಪಣ್ಣ, ಎದೆಯುಬ್ಬಿಸಿ.

ಕಲ್ಲೇಶ್ ಕೆಳಗಿನ ಬಾಗಿಲು ಎಳೆದ. ಫ್ರಿಜ್ಜು ಜಾತ್ರೆ ಮುಗಿದ ಬಯಲಿನ ಹಾಗೆ ಖಾಲಿಯಿತ್ತು.

"ಸುಮ್ನೆ ಕೆಟ್ಟು ಹೋಗ್ತದೆ ಅಂತ ಓಣಿಗೆಲ್ಲ ಹಂಚಿದೆ. ಸೊಪ್ಪು ಆ ಮನೆಗೆ, ಹಿಟ್ಟು ಈ ಮನೆಗೆ. ಅನ್ನ ದೇವರು ನೋಡು, ಹಾಳು ಮಾಡಬಾರದು."

"ಕುಡಿಕೆ? ಮಣ್ಣಿನ ಕುಡಿಕೆ?"

"ಅದು ನಮ್ಮ ಮನೆಗೇ ಹೋತು."

ಕಲ್ಲೇಶ್ ಓಡಿದ. ಜಂಪಣ್ಣನ ಹೆಂಡತಿ ಹುಲಿಗೆಮ್ಮ ಬಾಗಿಲಲ್ಲೇ ಎದುರಾಗಿ ಕುಡಿಕೆಯನ್ನು ಅವನ ಕೈಗಿತ್ತಳು. ಉಜ್ಜಿ ತೊಳೆದು ಚೊಕ್ಕ ಮಾಡಿದ್ದಳು. ಒಳಗೊಂದು ಬೆಲ್ಲದ ಉಂಡೆ.

"ಬರೀ ಪಾತ್ರೆ ವಾಪಸ್ ಕೊಡಬಾರದಲ್ಲಣ್ಣ, ಅದಕ್ಕೆ ಬೆಲ್ಲ ಇಟ್ಟೀನಿ. ಏನು ಮೊಸರು ಅಂತೀನಿ! ಮಜ್ಜಿಗೆ ಮೆಣಸಿನಕಾಯಿಗೆ ಹಾಕಿದೆ. ಉಪ್ಪು ಬೆರೆಸಿ ಮಾಳಿಗೆ ಮ್ಯಾಲೆ ಒಣಾಕೀನಿ."

ಕಲ್ಲೇಶ್ ಮಾಳಿಗೆಯತ್ತ ನೋಡಿದ. ಅಲ್ಲಿ ಅತ್ತೆಯ ಕೈರುಚಿ ಮೆಣಸಿನಕಾಯಿಯ ಹೊಟ್ಟೆ ಸೇರಿ ಬಿಸಿಲು ಕಾಯುತ್ತಿತ್ತು.

"ಪೂರ್ತಿ ಹಾಕಿದ್ಯಾ ಅಕ್ಕಾ?"

"ಒಂದು ಚಮಚ ಆ ಮೂಲೆಮನೆ ದುರುಗಮ್ಮಜ್ಜಿಗೆ ಕೊಟ್ಟೆ. ಹೆಪ್ಪು ಇಲ್ಲ ಅಂತ ಬಟ್ಟಲು ಹಿಡ್ಕೊಂಡು ಬಂದಿದ್ಲು. ಯಾಕಣ್ಣ, ಮುಖ ಯಾಕೆ ಹಿಂಗಾತು?"

"ಏನಿಲ್ಲ, ಬಿಸಿಲು" ಎಂದ ಕಲ್ಲೇಶ್. ನಿಜ ಹೇಳುವ ಹಾಗಿರಲಿಲ್ಲ. ಹುಲಿಗೆಮ್ಮನಿಗೆ ಹೇಳುವುದೂ ಒಂದೇ, ಮೈಕು ಕಟ್ಟಿಸಿ ಆಟೋದಲ್ಲಿ ಸಾರಿಸುವುದೂ ಒಂದೇ.

ದುರುಗಮ್ಮಜ್ಜಿಯ ಒಲೆಯ ಪಕ್ಕದಲ್ಲಿ, ಬಟ್ಟೆ ಮುಚ್ಚಿದ ಬಟ್ಟಲಿತ್ತು. ಆ ಹಾಲಿನಲ್ಲಿ ಅತ್ತೆಯ ಹೆಪ್ಪು ಇನ್ನೂ ಜೀವ ಹಿಡಿದಿತ್ತು! ಕಲ್ಲೇಶ್ ಮನಸ್ಸಿನಲ್ಲೇ ಕೈಮುಗಿದು, "ಅಜ್ಜಿ, ನಂಗೊಂದು ಚಮಚ ಹೆಪ್ಪು ಕೊಡು" ಎಂದ.

"ಈಗ ಅಲ್ಲಾಡಿಸಿದರೆ ಹಾಲೂ ಅಲ್ಲ, ಮೊಸರೂ ಅಲ್ಲ ಆಗ್ತದೆ ಕಣೋ. ಹೊತ್ತು ಇಳಿದ ಮೇಲೆ ಬಾ. ಗಟ್ಟಿಯಾಗಿರ್ತದೆ, ಕೊಡ್ತೀನಿ."

ಹೋದ ಜೀವ ಬಂದಂತಾಯಿತು. ಮನೆಗೆ ಬಂದರೆ ಕಾಲು ಸರ್ರನೆ ಜಾರಿತು. ಮಂಜು ಬೇಗ ಕರಗಲೆಂದು ಜಂಪಣ್ಣ ಕೊಡಗಟ್ಟಲೆ ಬಿಸಿನೀರು ಎರಚಿದ್ದ. ಅಡಿಗೆಮನೆಯಲ್ಲಿ ತುಂಗಭದ್ರೆ ಹರಿಯುತ್ತಿದ್ದಳು. ರಾಗಿ ಹಿಟ್ಟಿನ ಡಬ್ಬಿ ದೋಣಿಯಾಗಿ ನಡುಮನೆಗೆ ಬಂದಿತ್ತು.

"ನೋಡು, ಹಿಮಾಲಯ ಹೆಂಗೆ ಇಳಿಸಿದೆ!" ಎಂದ ಜಂಪಣ್ಣ.

ಕಲ್ಲೇಶ್ ಲುಂಗಿ ಎತ್ತಿಕಟ್ಟಿ ಮಧ್ಯಾಹ್ನವೆಲ್ಲ ನೀರು ಬಾಚಿದ. ಕೆಂಚೇಶ್ ಮತ್ತೆ ಬಂದು ಒಳಗಿನ ತಗಡು ಬಿಚ್ಚಿ ಮೀಟರ್ ಹಚ್ಚಿದ. ಹೀಟರ್ ಸರಿಯಿತ್ತು. ಸೆನ್ಸಾರೂ ಸರಿಯಿತ್ತು. ಅವುಗಳ ನಡುವೆ ಕಡಲೆಬೀಜದಷ್ಟು ಒಂದು ಫ್ಯೂಜು ಸುಟ್ಟಿತ್ತು.

"ಇಷ್ಟಕ್ಕೇ ಇಷ್ಟೆಲ್ಲ ರಾಮಾಯಣಾನೇನೋ?"

"ಸಣ್ಣವರನ್ನ ಹಗುರ ಮಾಡಬಾರದು ಸಾರ್" ಎಂದು ಕೆಂಚೇಶ್ ಹೊಸ ಫ್ಯೂಜು ಹಾಕತೊಡಗಿದ. ಹಾಕುವ ನಡುವೆ ಅವನಿಗೆ ಫೋನಿನ ಮೇಲೆ ಫೋನು. ಬೆಳಿಗ್ಗೆ ಎತ್ತದ ಫೋನನ್ನೆಲ್ಲ ಈಗ ಎತ್ತುತ್ತಿದ್ದ. ಟಾರ್ಚು ಹಿಡಿದು ನಿಂತ ಕಲ್ಲೇಶ್ ಅಲುಗುವ ಹಾಗಿರಲಿಲ್ಲ. ಅಂತೂ ಫ್ರಿಜ್ಜು ಗುಂಯ್‌ಗುಟ್ಟಿತು. ಕಲ್ಲೇಶ್ ಕುಡಿಕೆ ಹಿಡಿದು ಮೂಲೆಮನೆಗೆ ಓಡಿದ.

ದುರುಗಮ್ಮಜ್ಜಿ ಆಗತಾನೇ ದೇವರ ಮುಂದೆ ದೀಪ ಹಚ್ಚಿ, ವಿಭೂತಿ ಧರಿಸಿ ಹೊರಗೆ ಬರುತ್ತಿದ್ದಳು.

"ಅಯ್ಯೋ, ಈಗ ಬಂದ್ಯಲ್ಲೋ! ದೀಪ ಹಚ್ಚೀನಿ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಟ್ಟರೆ ಮನೆ ಲಕ್ಷ್ಮಿ ಹೊಸ್ತಿಲು ದಾಟ್ತಾಳೆ."

"ಒಂದೇ ಚಮಚ ಅಜ್ಜಿ! ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳು, ಆಶೀರ್ವಾದ ಮಾಡ್ತೀನಿ. ರೊಟ್ಟಿ ಬೇಕಾ, ಒಯ್ಯಿ. ಪಲ್ಯ ಬೇಕಾ, ಒಯ್ಯಿ. ಹೆಪ್ಪು ಮಾತ್ರ ಆಗಂಗಿಲ್ಲ. ನಾಳೆ ಬೆಳಕು ಹರಿದ ಕೂಡ್ಲೆ ನಾನೇ ತಂದು ಕೊಡ್ತೀನಿ."

ತೆರೆದ ಬಾಗಿಲಿನಿಂದ ಬಟ್ಟಲು ಕಾಣುತ್ತಿತ್ತು. ಕದಿಯಲೇ ಎಂದು ಒಂದು ಗಳಿಗೆ ಅನ್ನಿಸಿತು. ದೀಪ ನೋಡುತ್ತಿತ್ತು. ಕಲ್ಲೇಶ್ ತಲೆ ತಗ್ಗಿಸಿದ.

ಬಸ್ಸು ಬರುವ ಹೊತ್ತು. ಅವನು ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಮೊಸರು ತಂದು, ಮೂಲೆ ಕತ್ತರಿಸಿ, ಅತ್ತೆಯ ಕುಡಿಕೆಗೆ ಸುರಿದ. ಸುರಿಯುವಾಗ ಗೋಡೆಯ ಮೇಲಿನ ಅತ್ತೆಯ ಪಟದ ಕಡೆ ನೋಡಲಿಲ್ಲ.

ಷಣ್ಮುಖಪ್ಪನವರು ಬಂದರು, ಲಿಂಗಪೂಜೆ ಮುಗಿಸಿ ತಾಟಿನ ಮುಂದೆ ಕೂತರು. ಶಿವಲೀಲಾ ಕುಡಿಕೆ ತಂದು ಅನ್ನಕ್ಕೆ ಮೊಸರು ಕಲಸಿದಳು. ಹಿರಿಯರು ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು.

"ಅವಳದೇ ಕೈ" ಎಂದರು ಷಣ್ಮುಖಪ್ಪ. ಕಣ್ಣಿನ ನೀರು ಗಡ್ಡಕ್ಕಿಳಿಯಿತು. "ಇನ್ನಷ್ಟು ಅನ್ನ ಹಾಕವ್ವ."

ಶಿವಲೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಂಡನ ಕಡೆ ನೋಡಿದ ನೋಟದಲ್ಲಿ ಮದುವೆಯಾದಂದಿನಿಂದ ಕಾಣದ ಗೌರವವಿತ್ತು. ಮಲಗುವ ಮುಂಚೆ ಅದೇ ಮೊಸರಿನಿಂದ ಹಾಲಿಗೆ ಹೆಪ್ಪು ಹಾಕಿದಳು. ಕಲ್ಲೇಶ್ ಮಗ್ಗುಲು ಬದಲಿಸುತ್ತ, ಬೆಳಿಗ್ಗೆ ದುರುಗಮ್ಮಜ್ಜಿ ಬರುತ್ತಾಳೆ, ಸದ್ದಿಲ್ಲದೆ ಅದನ್ನು ಇದಕ್ಕೆ ಸೇರಿಸಿಬಿಟ್ಟರೆ ಸುಳ್ಳು ಮತ್ತೆ ನಿಜವಾಗುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಅವನು ಏಳುವ ಮೊದಲೇ ದುರುಗಮ್ಮಜ್ಜಿ ಬಂದು ನಡುಮನೆಯಲ್ಲಿ ನಿಂತಿದ್ದಳು.

"ತಗಳವ್ವ, ನಿನ್ನ ಗಂಡ ನಿನ್ನೆ ಹೆಪ್ಪಿಗೆ ಗೋಳಾಡಿದ. ಇದ್ದ ಮೊಸರೆಲ್ಲ ತಂದೀನಿ. ಹೆಪ್ಪು ಕೊಟ್ಟ ಹುಲಿಗೆಮ್ಮನ ಕೈ ಚಲೋ ಐತೆ."

"ನಮ್ಮನೇಲಿ ಅವ್ವನ ಹೆಪ್ಪು ಇರುವಾಗ ಇವರು ಯಾಕೆ ಕೇಳಿದರೋ!" ಎಂದಳು ಶಿವಲೀಲಾ.

"ಹೆಚ್ಚಿಗೆ ಇರಲಿ ಅಂತ" ಎಂದ ಕಲ್ಲೇಶ್, ಬಾಗಿಲ ಮರೆಯಿಂದ.

ಷಣ್ಮುಖಪ್ಪನವರು ರೊಟ್ಟಿಯ ಮುಂದೆ ಕೂತಿದ್ದರು. ಬಂದವರ ಮನಸ್ಸು ನೋಯಬಾರದೆಂದು ಬಟ್ಟಲಿನ ಮೊಸರಿಗೆ ಬೆರಳದ್ದಿ ನಾಲಿಗೆಗಿಟ್ಟರು. ಮುಖ ಕಿವುಚಿದರು.

"ಏನವ್ವ ಇದು? ಯಾವುದೋ ಪ್ಯಾಕೆಟ್ ಮೊಸರು ಇದ್ದಂಗೈತೆ. ನಮ್ಮ ಹೆಪ್ಪಿಗೆ ಇದನ್ನ ಸೋಕಿಸಬ್ಯಾಡ, ಜಾತಿ ಕೆಟ್ಟು ಹೋಗ್ತದೆ."

ದುರುಗಮ್ಮಜ್ಜಿಯ ಮೂಗು ಕೆಂಪಾಯಿತು. "ಪ್ಯಾಕೆಟ್ಟಾ? ಇನ್ನು ಈ ಹೆಪ್ಪು ನಮ್ಮನೆ ಹಾಲಿಗೆ ಹಾಕಿದರೆ ಕೇಳ್ರಿ!"

"ಸಿಟ್ಟಾಗಬ್ಯಾಡ ಅಜ್ಜಿ" ಎನ್ನುತ್ತ ಶಿವಲೀಲಾ ಬಟ್ಟಲನ್ನು ಗಂಡನ ಕೈಗಿತ್ತಳು. "ರೀ, ಕೇಳಿ ತರಿಸಿಕೊಂಡೋರು ನೀವು. ಅನ್ನ ದೇವರು, ಚೆಲ್ಲಬಾರದು. ಅಜ್ಜಿ ಎದುರಿಗೇ ಖಾಲಿ ಮಾಡ್ರಿ."

ಮೂವರೂ ನೋಡುತ್ತಿದ್ದರು. ಕಲ್ಲೇಶ್ ಮೊದಲ ಚಮಚ ಬಾಯಿಗಿಟ್ಟ. ಅತ್ತೆಯ ಮನೆಯ ಮೊದಲ ಔತಣದಲ್ಲಿ ಉಂಡ ಅದೇ ಗಟ್ಟಿ, ಅದೇ ಸಿಹಿ, ಕೊನೆಯಲ್ಲಿ ಅದೇ ಸಣ್ಣ ಹುಳಿ. ಅವನ ಕಣ್ಣು ತುಂಬಿತು.

"ಅಷ್ಟು ಹುಳಿನಾ?" ಎಂದಳು ಶಿವಲೀಲಾ, ಮರುಕದಿಂದ.

"ಹೂಂ" ಎಂದು ಕಲ್ಲೇಶ್ ಬಟ್ಟಲಿನ ತಳ ಕೆರೆದ.