ಬಾಗಿಲಿರುವ ಕೋಣೆ

ಪಿಸುಮಾತಣ್ಣನ ಕಷ್ಟಕ್ಕೆಲ್ಲ ಅವನ ಮೆಲುದನಿಯೇ ಮೂಲ. ಆಸ್ಪತ್ರೆಯಲ್ಲಿ ಹೊರರೋಗಿಗಳ ಸಾಲು ನೋಡಿಕೊಳ್ಳುವ ನರ್ಸ್ ಅವನು. "ಸ್ವಲ್ಪ ಸಾಲಲ್ಲಿ ನಿಂತ್ಕೊಳ್ಳಿ" ಎಂದು ಬೇಡಿಕೊಳ್ಳುವಷ್ಟರಲ್ಲಿ ಜನ ಅವನನ್ನೇ ತಳ್ಳಿಕೊಂಡು ಒಳಗೆ ನುಗ್ಗಿರುತ್ತಿದ್ದರು. ದಿನವಿಡೀ ಬೈಸಿಕೊಂಡು ಮನೆಗೆ ಹೋದರೆ ಹೆಂಡತಿಯೊಡನೆ ಮಾತಾಡಲೂ ಮನಸ್ಸಾಗುತ್ತಿರಲಿಲ್ಲ. ಬದುಕೇ ಸಾಕಾಗಿಹೋಗಿತ್ತು, ಪಾಪ.

ಅಂಥದ್ದರಲ್ಲಿ ಶ್ವಾಸಕೋಶದ ಪರೀಕ್ಷೆಗೆ ಹೊಸ ಯಂತ್ರ ಬಂತು. ಅದಕ್ಕೆ ಬೇರೆ ಕೋಣೆ, ಕೋಣೆಗೆ ಬಾಗಿಲು, ಒಳಗೆ ಒಂದು ಸಲಕ್ಕೆ ಒಬ್ಬನೇ ರೋಗಿ! ತರಬೇತಿಯಲ್ಲಿ ಪಾಸಾದವರಿಗೆ ಆ ಕೆಲಸ. ಪಿಸುಮಾತಣ್ಣ ಯಂತ್ರದ ಗ್ರಾಫ್ ಓದುವುದನ್ನು ಅರೆದು ಕುಡಿದಿದ್ದ. ಇವತ್ತು ಒಬ್ಬ ರೋಗಿಯಿಂದ ಅದರ ಕೊಳವೆಗೆ ಸರಿಯಾಗಿ ಊದಿಸಿಬಿಟ್ಟರೆ ಕೋಣೆ ಅವನದೇ.

"ಊದಿ ತಾತ, ಆದಷ್ಟು ಊದಿ" ಎಂದ. ತಾತ ಬಿಸಿ ಟೀ ಆರಿಸುವಂತೆ ಕೊಳವೆಗೆ ಊದಿದರು. ಗ್ರಾಫ್ ತುಸು ಎದ್ದು ಮಲಗಿಬಿಟ್ಟಿತು.

"ಇವರು ಪೂರ್ತಿ ಊದೇ ಇಲ್ಲ" ಎಂದರು ತರಬೇತಿ ಕೊಡುವ ಡಾಕ್ಟರಮ್ಮ. "ಈ ಗ್ರಾಫ್ ನಂಬಿದ್ರೆ ಇಲ್ಲದ ಕಾಯಿಲೆಗೆ ಔಷಧಿ ಕೊಡ್ಬೇಕಾಗುತ್ತೆ. ಕೂಗಿ ಹುರಿದುಂಬಿಸ್ಬೇಕು ಕಣ್ರೀ! ಇನ್ನೊಂದೇ ಅವಕಾಶ."

"ನಂಗೆ ಕಿವಿ ಮಂದ ಕಣಪ್ಪ" ಎಂದರು ತಾತ.

ಜೊತೆಯವರು ಸುಮ್ಮನಿರುತ್ತಾರೆಯೇ? ಗಂಟಲು ಬಿಚ್ಚಲೆಂದು ಎಕ್ಸ್‌ರೇಯವನು ಬಿಸಿನೀರು ಕುಡಿಸಿದ. ನಾಲಿಗೆ ಸುಟ್ಟಿತು. "ನಿನ್ನ ತಳ್ಳಿದೋರನ್ನೆಲ್ಲ ಒಂದ್ಸಲ ನೆನೆಸ್ಕೊಳ್ಳೋ" ಎಂದರು ಹಿರಿಯ ಸಿಸ್ಟರ್.

ಪಿಸುಮಾತಣ್ಣ ನೆನೆದ. ತಿವಿದ ಮೊಣಕೈಗಳು, ಕಾಲು ತುಳಿದ ಚಪ್ಪಲಿಗಳು ಒಂದೊಂದಾಗಿ ಕಣ್ಮುಂದೆ ಬಂದವು. ಕಣ್ಣಲ್ಲಿ ನೀರೂ ಬಂತು.

"ಊದೀ! ಊದೀ! ನಿಲ್ಲಿಸ್ಬೇಡೀ! ಇನ್ನೂ! ಇನ್ನೂ!"

ಕಿಟಕಿಯ ಗಾಜು ನಡುಗಿತು. ತಾತ ಬೆಚ್ಚಿಬಿದ್ದು ಒಳಗಿದ್ದ ಗಾಳಿಯನ್ನೆಲ್ಲ ಹೊರಹಾಕಿದರು. ಗ್ರಾಫ್ ಪುಸ್ತಕದಲ್ಲಿದ್ದಂತೆಯೇ ಬಂತು. "ಪಾಸ್!" ಎಂದು ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಅವನು ಆ ಬಾಗಿಲನ್ನು ಆಸೆಯಿಂದ ನೋಡಿದ.

ಬಾಗಿಲು ತೆರೆಯಿತು. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಏದುಸಿರು ಬಿಡುತ್ತ ನಿಂತಿದ್ದರು.

"ಕೂಗಿದ್ದು ಯಾರ್ರೀ? ಹೊರಗೆ ಅಷ್ಟೂ ಜನ ಹೆದ್ರಿ ತಾವಾಗೇ ಸಾಲಲ್ಲಿ ನಿಂತ್ಬಿಟ್ರು! ಇಂಥದ್ದನ್ನ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ." ಎಲ್ಲರೂ ಪಿಸುಮಾತಣ್ಣನತ್ತ ಬೆರಳು ತೋರಿದರು. "ನೀವಾ? ಇಂಥ ಗಂಟಲನ್ನ ಕೋಣೇಲಿ ಕೂಡಿಹಾಕೋದುಂಟಾ? ಇಲ್ಲಿಗೆ ಬೇರೆ ಯಾರಾದ್ರೂ ಆಗುತ್ತೆ. ಸಾಲಿನ ಕೆಲಸ ಇನ್ಮೇಲೆ ನಿಮಗೇ ಖಾಯಂ."

ಪಿಸುಮಾತಣ್ಣ ಗೋಗರೆಯಲು ಬಾಯಿ ತೆರೆದ. ಕೂಗಿದ ರಭಸಕ್ಕೆ ದನಿಯೇ ಬಿದ್ದುಹೋಗಿತ್ತು. ಮಾತು ಬರಲಿಲ್ಲ, ಬರೀ ಗಾಳಿ ಹೊರಟಿತು.

ತಾತ ಕರುಣೆಯಿಂದ ಅವನ ಬೆನ್ನು ಸವರಿದರು.

"ಊದಪ್ಪ, ನಿಲ್ಲಿಸ್ಬೇಡ. ಇನ್ನೂ ಸ್ವಲ್ಪ."