ಭಾವಮೈದ ಕೊರೆದ ಕಿಂಡಿಗಳು

ಬಿಸಿ ಹೊರಗೆ ಹೋಗಲು ಕಿಂಡಿ ಬೇಕೆಂದು ಯಾರಿಗೆ ಗೊತ್ತಿಲ್ಲ? ಆ ಕಿಂಡಿ ಎಲ್ಲಿರಬೇಕು ಎಂಬುದನ್ನು ಮಾತ್ರ ನಮ್ಮ ಜನ ಯೋಚಿಸುವುದೇ ಇಲ್ಲ. ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಗಂಜಾಂನಿಂದ ನಾಗಮಂಗಲದ ಕಚೇರಿಗೆ ನಾನು ಓಡಿಸುವ ಕಾರು ಹಳೆಯದು; ಪಾಂಡವಪುರ ದಾಟಿತೋ ಇಲ್ಲವೋ, ಇಂಜಿನ್ನು ಕುದಿಯುತ್ತದೆ. ಬಾಬುರಾಯನಕೊಪ್ಪಲಿನಲ್ಲಿ ಕುಲುಮೆ ಇಟ್ಟಿರುವ ನನ್ನ ಭಾವಮೈದ ಬಾನೆಟ್ಟು ಎತ್ತಿ ನೋಡಿ, "ಒಳಗಿನ್ ಬಿಸಿ ಓಗಕ್ಕೆ ದಾರಿ ಇಲ್ಲ ಕಣ ಬಾವ. ಎರಡು ಕಿಂಡಿ ಕೊರ್ದ್ಬುಡ್ತೀನಿ" ಎಂದ. ಕೊರೆದೂಬಿಟ್ಟ. ಎಲ್ಲಿ? ಬಾನೆಟ್ಟಿನ ಹಿಂತುದಿಯಲ್ಲಿ, ಗಾಜಿನ ಬುಡಕ್ಕೆ. ಒಲೆಯ ಹಿಂದಿನ ಗೋಡೆಯಲ್ಲಲ್ಲವೇ ಹೊಗೆಕಿಂಡಿ ಇರುವುದು, ಅದೇ ಲೆಕ್ಕವಂತೆ. ಅಡುಗೆಮನೆ ರಸ್ತೆಯ ಮೇಲೆ ಓಡುವುದಿಲ್ಲ ಎಂದು ಹೇಳುವ ಬುದ್ಧಿ ಆಗ ನನಗೂ ಬರಲಿಲ್ಲ.

ಕಳೆದ ಭಾನುವಾರ ನಾಗಮಂಗಲದಲ್ಲಿ ಹೆಂಡತಿಯ ಅಕ್ಕನ ಮಗಳ ನಿಶ್ಚಿತಾರ್ಥ. ಸೋದರಮಾವ ಬಂದು ನಿಲ್ಲದೆ ತಾಂಬೂಲ ಬದಲಾಯಿಸುವಂತಿಲ್ಲ. ಆ ಸೋದರಮಾವ ಇವನೇ, ಬರುವುದು ನನ್ನ ಕಾರಿನಲ್ಲಿ. ಹೊರಡುವ ಮುಂಚೆ ನಿಮಿಷಾಂಬ ಗುಡಿಯ ಮುಂದೆ ಪೂಜೆ ಮಾಡಿಸಿ, ಹೆಂಡತಿ ಬಾನೆಟ್ಟಿಗೆ ಸೇವಂತಿಗೆ ಹಾರ ಕಟ್ಟಿದಳು. ಕಾರು ವೇಗ ಹಿಡಿಯುತ್ತಲೇ ಹಾರದ ತುದಿ ಕಿಂಡಿಯೊಳಗೆ ನುಸುಳಿತು. ಒಂದೊಂದೇ ಹೂವು ಒಳಗೆ ಹೋಗತೊಡಗಿತು.

"ತಾಯಿ ಒಪ್ಕಂಡ್ಳು" ಎಂದ ಭಾವಮೈದ, ಹಿಂದಿನ ಸೀಟಿನಿಂದ.

ತಾಯಿಯಲ್ಲ ಮಹರಾಯ, ಗಾಳಿ. ಓಡುವ ಕಾರಿನ ಮೇಲೆ ಬರುವ ಗಾಳಿ ಗಾಜಿಗೆ ಬಡಿದು, ಅಲ್ಲೇ ಒತ್ತರಿಸಿ, ಕಿಂಡಿಯಲ್ಲಿ ಒಳಗೆ ನುಗ್ಗುತ್ತಿತ್ತು. ರೇಡಿಯೇಟರು ದಾಟಿ ಬಂದ ಬಿಸಿಗಾಳಿ ಹೊರಡೋಣವೆಂದರೆ ಬಾಗಿಲಲ್ಲೇ ನೆಂಟರು. ಕಿಂಡಿ ಒಂದು ಮೊಳ ಮುಂದಿದ್ದಿದ್ದರೆ, ಮೇಲೆ ಜಾರಿಹೋಗುವ ಗಾಳಿಯೇ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತಿತ್ತು.

ಪಾಂಡವಪುರದಾಚೆ ಕುದಿದೇಬಿಟ್ಟಿತು. ನಾಗಮಂಗಲದಿಂದ ಫೋನಿನ ಮೇಲೆ ಫೋನು. ನಾನು ರಸ್ತೆಬದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಅವನು ಹುಣಸೆಮರದ ನೆರಳಲ್ಲಿ ಆರಾಮಾಗಿ ನಿಂತು, "ನಾನಿಲ್ಲಿ ನಿಂತಿದ್ರೆ ತಾಂಬೂಲಾನೂ ಅಲ್ಲಿ ನಿಂತಿರ್ತದೆ ಬುಡಿ ಬಾವ" ಎಂದ. ಮೈಯೆಲ್ಲ ಉರಿಯಿತು. ಉರಿಯುವುದಿಲ್ಲವೇ, ನೀವೇ ಹೇಳಿ.

ಅಷ್ಟರಲ್ಲಿ ಹೆಂಡತಿ ಕಿಂಡಿಯ ಮೇಲೆ ಅಂಗೈ ಹಿಡಿದು ನೋಡಿದಳು. ಕಾರು ನಿಂತದ್ದೇ ತಡ, ಒಳಗಿನ ಬಿಸಿಯೆಲ್ಲ ಭುಸಭುಸನೆ ಮೇಲೆ ಬರುತ್ತಿತ್ತು.

"ಓಡೋವಾಗ ಉಸ್ರು ಕಟ್ತದೆ, ಒಂದ್ಕಡೆ ನಿಲ್ಸುದ್ರೆ ಸಲೀಸು" ಎಂದಳು. "ಮದ್ವೆ ಆದಾಗ್ಲಿಂದ ಇಂತಾದ್ನೇ ಇಟ್ಕಂಡು ಸಂಸಾರ ಮಾಡ್ತಿಲ್ವ ನಾನು? ತಣ್ಣಗಾಗೋಗಂಟ ಕಾಯದು ಗೊತ್ತು. ಬನ್ನಿ, ನೆಳ್ಳಲ್ಲಿ ಕೂತ್ಕಳಿ."

ಕೂತೆ. ನಾಗಮಂಗಲ ತಲುಪಿದಾಗ ತಾಂಬೂಲ ನಿಜಕ್ಕೂ ನಮಗಾಗಿ ಕಾದಿತ್ತು. ಯಾಕೆ ತಡವಾಯಿತೆಂದು ಕೇಳಿದವರಿಗೆಲ್ಲ ನನ್ನ ಹೆಂಡತಿ, ಅವಳ ತಮ್ಮ ಇಬ್ಬರೂ ಒಂದೇ ಉತ್ತರ ಕೊಟ್ಟರು: ಇಂಜಿನ್ನು ಬೇಗ ತಣ್ಣಗಾಯಿತಂತೆ, ಹೊತ್ತು ಹಿಡಿದದ್ದು ನನಗಂತೆ.