ಇಂಚು ಮಾಸ್ಟರ ಮೂವತ್ತನಾಲ್ಕು

"ನನ್ನ ಸೊಂಟ ಮೂವತ್ತನಾಲ್ಕು! ಮದುವೆ ದಿನವೂ ಮೂವತ್ತನಾಲ್ಕು, ಇವತ್ತೂ ಮೂವತ್ತನಾಲ್ಕು. ಅರ್ಧ ಇಂಚು ಹೆಚ್ಚಾಗಿದೆ ಅಂತ ಯಾರಾದ್ರೂ ತೋರಿಸ್ಲಿ, ಆ ಕ್ಷಣವೇ ಚಹಾ ಬಿಡ್ತೀನಿ!"

ಹೀಗೆಂದು ಘೋಷಿಸಿ ಇಂಚು ಮಾಸ್ಟರು ಬೆಳಗಿನ ನಾಲ್ಕನೆಯ ಚಹಾದ ಲೋಟವನ್ನು ಹೊಲಿಗೆ ಯಂತ್ರದ ಮೇಲೆ ಕುಕ್ಕಿದರು. ಒಂದು ಹನಿ ಹಾರಿ ಯಾರದೋ ತೋಳಿನ ಮೇಲೆ ಬಿತ್ತು. ಪುಣ್ಯಕ್ಕೆ ಅದು ಇನ್ನೂ ಅಂಗಿಗೆ ಸೇರದ ತೋಳು.

ಎದುರು ಕೂತು ಗುಂಡಿ ತೂತಿಗೆ ಕಾಜಾ ಹಾಕುತ್ತಿದ್ದ ಹೆಂಡತಿ ತಲೆ ಎತ್ತದೆ ಕೇಳಿದಳು: "ಹಾಗಾದ್ರೆ ನಿನ್ನೆ ಡಾಕ್ಟ್ರು ಚೀಟಿಯಲ್ಲಿ ಬರೆದ ಮೂವತ್ತೊಂಬತ್ತು ಯಾರ ಸೊಂಟದ್ದು?"

"ಆ ಡಾಕ್ಟ್ರಿಗೆ ಅಳೆಯೋಕೆ ಬರಲ್ಲ!"

ಆದದ್ದಿಷ್ಟು. ಹಿಂದಿನ ದಿನ ಮಾಸ್ಟರು ಸ್ಟೂಲಿನಿಂದ ಏಳಹೋಗಿ, ಕಣ್ಣು ಕತ್ತಲಿಟ್ಟು, ಬಾಗಿಲಲ್ಲಿ ಬಟ್ಟೆ ತೊಡಿಸಿ ನಿಲ್ಲಿಸಿದ್ದ ಗೊಂಬೆಯನ್ನು ತಬ್ಬಿಕೊಂಡಿದ್ದರು. ಹೆಂಡತಿ ಕೈ ಹಿಡಿದು ಎರಡು ಬೀದಿ ಆಚೆಯ ದವಾಖಾನೆಗೆ ಎಳೆದೊಯ್ದಳು. ರಕ್ತದೊತ್ತಡ ಏರಿದೆ, ಸಕ್ಕರೆ ಹೊಸ್ತಿಲ ಮೇಲೆ ನಿಂತಿದೆ, ಹೀಗೇ ಇದ್ದರೆ ಹತ್ತು ವರ್ಷದಲ್ಲಿ ಹೃದಯ, ಕಿಡ್ನಿ, ಕಣ್ಣು ಒಂದೊಂದಾಗಿ ಮುಷ್ಕರ ಹೂಡುತ್ತವೆ ಎಂದರು ಡಾಕ್ಟರು. ಇದೆಲ್ಲ ಮಾಸ್ಟರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತು. ಎದೆಗೆ ನಾಟಿದ್ದು ಒಂದೇ, ಸೊಂಟದ ಅಳತೆ! ಮೂವತ್ತು ವರ್ಷದಿಂದ ಬಡಾವಣೆಯ ಸೊಂಟಗಳನ್ನೆಲ್ಲ ಅಳೆದ ಮನುಷ್ಯನಿಗೆ, ಸ್ಟೆಥಾಸ್ಕೋಪು ಹಿಡಿಯುವವರು ಸೊಂಟದ ಪಾಠ ಹೇಳುವುದೇ?

ಮಾಸ್ಟರ ದಿನಚರಿಯನ್ನು ಇಲ್ಲಿ ಹೇಳಲೇಬೇಕು. ಬೆಳಿಗ್ಗೆ ಸ್ಟೂಲಿನ ಮೇಲೆ ಪ್ರತಿಷ್ಠಾಪನೆಯಾದರೆ ಸಂಜೆಯವರೆಗೂ ಅಲುಗಾಟವಿಲ್ಲ. ಒಂದು ತೋಳು ಮುಗಿದರೆ ಒಂದು ಚಹಾ, ಒಂದು ಕಾಲರಿಗೆ ಇನ್ನೊಂದು, ಪ್ರತಿಯೊಂದಕ್ಕೂ ಮೂರು ಚಮಚ ಸಕ್ಕರೆ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಅದೂ ಹೆಂಡತಿ ಯಂತ್ರದ ಬೆಲ್ಟು ಕಳಚಿದರೆ. ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರಿಗೂ ವನವಾಸ. ದಾರವನ್ನು ಹಲ್ಲಿನಿಂದಲೇ ಕಚ್ಚಿ ಕಡಿದು ಮುಂದಿನ ಹಲ್ಲಿನಲ್ಲಿ ದಾರ ಕೂರುವಷ್ಟು ಕಚ್ಚು ಬಿದ್ದಿತ್ತು. ಏಳುವ ಪ್ರಮೇಯವೇ ಬರಬಾರದೆಂದು ಅವರು ಕಂಡುಹಿಡಿದ ಮಹಾ ಉಪಾಯವೊಂದಿತ್ತು. ಕೊರಳಲ್ಲಿ ಸದಾ ನೇತಾಡುವ ಬಟ್ಟೆಯ ಟೇಪಿನ ಎರಡೂ ತುದಿಗೆ ಒಂದೊಂದು ಕಬ್ಬಿಣದ ಕತ್ತರಿ ಕಟ್ಟಿಕೊಂಡಿದ್ದರು! ಕೈ ಚಾಚಿದರೆ ಕತ್ತರಿ. ಅಳೆಯುವಾಗ ಮಾತ್ರ ಬಿಚ್ಚುವುದು, ಅಳೆದ ಕೂಡಲೇ ಕಟ್ಟುವುದು.

ಆ ಟೇಪಿನ ಮೇಲೆ ಗಿರಾಕಿಗಳಿಗೆ ಬಲು ಪ್ರೀತಿ. ಬೇರೆ ಅಂಗಡಿಯಲ್ಲಿ ದಪ್ಪಗಿದ್ದವರು ಇಲ್ಲಿ ತೆಳ್ಳಗಾಗುತ್ತಿದ್ದರು. ಬಟ್ಟೆಯೂ ಮೈಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಮಾಸ್ಟರಿಗೆ ಇದ್ದ ಒಂದೇ ಕೊರಗೆಂದರೆ ಬಟ್ಟೆ ಅಂಗಡಿಯವರದು. "ಎಲ್ಲಾ ಕಳ್ಳರು! ನನ್ನ ಟೇಪಲ್ಲಿ ಅಳೆದ್ರೆ ಯಾವ ತುಂಡೂ ಪೂರ್ತಿ ಬರಲ್ಲ!" ಎಂದು ಅವರನ್ನು ವರ್ಷಗಟ್ಟಲೆ ಶಪಿಸಿದ್ದರು.

ಅದೇ ವಾರ ಡಾಕ್ಟರೇ ಕೋಟಿನ ಬಟ್ಟೆ ಹಿಡಿದು ಅಂಗಡಿಗೆ ಬಂದರು. ಶನಿವಾರ ಅವರದೊಂದು ಭಾಷಣವಂತೆ. ವಿಷಯ, ಕೆಟ್ಟ ಅಭ್ಯಾಸಗಳು ಆಯುಷ್ಯವನ್ನು ಹೇಗೆ ತಿನ್ನುತ್ತವೆ!

ಮಾಸ್ಟರು ಕತ್ತರಿಗಳನ್ನು ಬಿಚ್ಚಿ ಡಾಕ್ಟರ ಹೊಟ್ಟೆಗೆ ಟೇಪು ಸುತ್ತಿದರು. "ಮೂವತ್ತನಾಲ್ಕು!"

ಡಾಕ್ಟರ ಮುಖ ಅರಳಿತು. "ನಿಜವಾಗ್ಲೂ?"

"ನನ್ನ ಟೇಪು ಸುಳ್ಳು ಹೇಳಲ್ಲ ಡಾಕ್ಟ್ರೇ. ನೋಡಿ, ನೀವೂ ಮೂವತ್ತನಾಲ್ಕು, ನಾನೂ ಮೂವತ್ತನಾಲ್ಕು. ನಿಮ್ಮ ಸೊಂಟ ಮಾತ್ರ ನಿಜ, ನನ್ನದು ಸುಳ್ಳಾ?"

ಡಾಕ್ಟರು ಹೊಟ್ಟೆಯನ್ನು ಒಳಗೆಳೆದುಕೊಂಡರು. ಸಿಕ್ಕ ಮೂವತ್ತನಾಲ್ಕನ್ನು ಬಿಟ್ಟುಕೊಡಲು ಅವರಿಗೂ ಮನಸ್ಸಿಲ್ಲ.

"ಈಗಲೇ ತೀರ್ಮಾನ ಆಗ್ಲಿ," ಎಂದರು ಮಾಸ್ಟರು. "ಟೇಪು ತಪ್ಪಾಗಿದ್ರೆ ನಿಮ್ಮ ಕೋಟೂ ತಪ್ಪಬೇಕು. ಕೋಟು ಸರಿಯಾಗಿ ಕೂತ್ರೆ ನನ್ನ ಚೀಟಿಯಲ್ಲಿ ಮೂವತ್ತನಾಲ್ಕು ಅಂತ ತಿದ್ದಿ ಬರೀರಿ. ಕೂರದಿದ್ರೆ ನೀವು ಹೇಳಿದ್ದನ್ನೆಲ್ಲ ಮಾಡ್ತೀನಿ. ಸಕ್ಕರೆ ಬಿಡ್ತೀನಿ, ದಿನಾ ಪಾರ್ಕಲ್ಲಿ ನಾಲ್ಕು ಸುತ್ತು ನಡೀತೀನಿ!"

"ನಾನು ಸಾಕ್ಷಿ," ಎಂದಳು ಹೆಂಡತಿ, ಸೂಜಿ ಕೆಳಗಿಡದೆ.

ಮರುದಿನ ಕತ್ತರಿಸುವ ಮುಹೂರ್ತ. ಮಾಸ್ಟರು ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು, ಉತ್ಸಾಹಕ್ಕೆಂದು ಏಳನೆಯ ಚಹಾ ತರಿಸಿ ಮೊಣಕೈ ಪಕ್ಕದಲ್ಲೇ ಇಟ್ಟುಕೊಂಡರು. ಮೊಣಕೈ ತನ್ನ ಕೆಲಸ ಮಾಡಿತು. ಬಟ್ಟೆ ಬಚಾವಾಯಿತು, ಆದರೆ ಟೇಪು ಚಹಾದಲ್ಲಿ ಮಿಂದು ಪಾಕಕ್ಕೆ ಅದ್ದಿದ ಹಾಗೆ ಅಂಟಂಟಾಯಿತು.

"ಏನೇ, ಬೇರೆ ಟೇಪು ಇದ್ರೆ ಕೊಡೇ!" ಕೂತಲ್ಲಿಂದಲೇ ಕೂಗಿದರು. ಏಳುವುದುಂಟೇ!

ಅವಳು ಡ್ರಾಯರಿನಿಂದ ಇನ್ನೂ ಕಾಗದ ಬಿಚ್ಚದ ಹೊಸ ಟೇಪು ತೆಗೆದುಕೊಟ್ಟಳು. ಮಾಸ್ಟರು ಹಿಂದಿನ ದಿನ ಪುಸ್ತಕದಲ್ಲಿ ಬರೆದಿಟ್ಟ ಡಾಕ್ಟರ ಅಳತೆ ನೋಡಿ, ಹೊಸ ಟೇಪು ಹಿಡಿದು ಕರಕರನೆ ಕತ್ತರಿಸಿದರು. ಎಂದೂ ಇಲ್ಲದೆ ಬಟ್ಟೆ ಒಂದಷ್ಟು ಉಳಿಯಿತು. "ಪರವಾಗಿಲ್ವೇ! ಕೊನೆಗೂ ಒಬ್ಬ ಪ್ರಾಮಾಣಿಕ ಅಂಗಡಿಯವನು!" ಎಂದು ಮೆಚ್ಚಿಕೊಂಡರು.

ಶುಕ್ರವಾರ ಸಂಜೆ ಡಾಕ್ಟರು ಕೋಟಿನ ಒಳಗೆ ಕೈ ತೂರಿಸಿದರು. ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಹಿಂದೆಯೇ ನಿಂತಿತು. ಗುಂಡಿಗೂ ಕಾಜಾಕ್ಕೂ ನಡುವೆ ಡಾಕ್ಟರ ಹೊಟ್ಟೆ ನಿರಾತಂಕವಾಗಿ ಹೊರಗಿಣುಕಿತು. ಬೆನ್ನಲ್ಲಿ ಹೊಲಿಗೆ ಚಟಚಟ ಎಂದಿತು.

ಬೇರೆಯವರಾಗಿದ್ದರೆ ಅಲ್ಲೇ ಸೋಲೊಪ್ಪುತ್ತಿದ್ದರು. ಮಾಸ್ಟರು ಸೊಂಟದ ಮೇಲೆ ಕೈಯಿಟ್ಟು ಗುಡುಗಿದರು. "ಡಾಕ್ಟ್ರೇ, ಏನಿದು? ನಾಲ್ಕು ದಿನದಲ್ಲಿ ಇಷ್ಟು ಊದಿಕೊಂಡ್ರಾ!"

"ನಾನಾ?"

"ಇನ್ಯಾರು? ಬೆಳಗ್ಗಿಂದ ಕುರ್ಚಿ ಬಿಟ್ಟು ಏಳಲ್ಲ. ರೋಗಿಗಳ ಮಧ್ಯೆ ಬಿಸ್ಕತ್ತು, ಬಿಸ್ಕತ್ತಿನ ಮಧ್ಯೆ ರೋಗಿಗಳು! ಊಟಕ್ಕೆ ಹೊತ್ತುಗೊತ್ತಿಲ್ಲ. ಹೀಗೇ ಮಾಡಿದ್ರೆ ಹತ್ತು ವರ್ಷದಲ್ಲಿ ಹೃದಯ, ಕಿಡ್ನಿ, ಕಣ್ಣು ಎಲ್ಲಾ ಮುಷ್ಕರ ಹೂಡ್ತಾವೆ, ಎಚ್ಚರ!"

ಡಾಕ್ಟರು ಒಂದು ಕ್ಷಣ ಅಪರಾಧಿಯಂತೆ ತಲೆ ತಗ್ಗಿಸಿದರು. ತಗ್ಗಿಸಿದ್ದೇ ತಡ, ಬರಿಯ ಮಣಿಕಟ್ಟು ಕಣ್ಣಿಗೆ ಬಿತ್ತು.

"ಅಲ್ಲ ಮಾಸ್ಟ್ರೇ, ಬಿಸ್ಕತ್ತು ತಿಂದ್ರೆ ಕೈ ಉದ್ದ ಆಗುತ್ತಾ?"

ಮಾಸ್ಟರು ಹೊಸ ಟೇಪು ಹಿಡಿದು ಕೋಟಿನ ತೋಳನ್ನು ಮತ್ತೆ ಅಳೆದರು. ಪುಸ್ತಕದಲ್ಲಿ ಬರೆದಷ್ಟೇ ಇತ್ತು!

ಆಗ ಹೆಂಡತಿ ಎದ್ದಳು. ತೊಳೆದು ಒಣಗಿಸಿದ ಹಳೆಯ ಟೇಪನ್ನೂ ಹೊಸದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹಾಸಿದಳು. ಶುರು ಎರಡೂ ಒಂದೇ ಕಡೆ. ಮುಂದೆ ಹೋಗುತ್ತ ಹೋಗುತ್ತ ಹಳೆಯದರ ಅಂಕಿ ಹಿಂದೆ ಬಿತ್ತು. ಅದರ ಮೂವತ್ತನಾಲ್ಕರ ಗೆರೆಯ ಪಕ್ಕದಲ್ಲಿ ಹೊಸದರ ಮೂವತ್ತೊಂಬತ್ತು ನಿಂತಿತ್ತು! ಮೂವತ್ತು ವರ್ಷ ಕತ್ತರಿಗಳ ಭಾರ ಹೊತ್ತ ಟೇಪು, ಮಾಸ್ಟರ ಹೊಟ್ಟೆಯ ಜೊತೆ ಜೊತೆಗೇ ಬೆಳೆದಿತ್ತು. ಅದೇ ಟೇಪಿನಿಂದ ಮೈಯನ್ನೂ ಅಳೆದು ಬಟ್ಟೆಯನ್ನೂ ಅಳೆದದ್ದರಿಂದ ಗುಟ್ಟು ಹೊರಬಿದ್ದಿರಲಿಲ್ಲ. ಈ ಸಲ ಮಾತ್ರ ಮೈ ಹಳೆಯದರಲ್ಲಿ, ಬಟ್ಟೆ ಹೊಸದರಲ್ಲಿ!

"ಟೇಪು ತಪ್ಪೇನಲ್ಲ," ಮಾಸ್ಟರು ಕ್ಷೀಣವಾಗಿ ಪ್ರತಿಭಟಿಸಿದರು. "ಸ್ವಲ್ಪ ಧಾರಾಳ, ಅಷ್ಟೇ."

"ಸಾಕು ಮಾಡ್ರೀ!" ಎಂದಳು ಹೆಂಡತಿ. ಎರಡೂ ಟೇಪನ್ನು ಪಕ್ಕಕ್ಕೆ ಸರಿಸಿದಳು. "ಅವತ್ತು ನೀವು ಆ ಗೊಂಬೆ ಮೇಲೆ ಬಿದ್ದಾಗ ನನ್ನ ಜೀವ ಹೋಗಿ ಬಂತು. ನಾಳೆ ನಿಮಗೇನಾದ್ರೂ ಆದ್ರೆ, ಆ ಖಾಲಿ ಸ್ಟೂಲು ನೋಡ್ಕೊಂಡು ನಾನೊಬ್ಳೇ ಇಲ್ಲಿ ಕಾಜಾ ಹಾಕ್ಕೊಂಡು ಕೂರ್ಬೇಕಾ?"

ಮಾಸ್ಟರು ಕೊರಳಿಗೆ ಕೈ ಹಾಕಿದರು. ಅಲ್ಲಿ ಟೇಪು ಇರಲಿಲ್ಲ. ಅವಳ ಕಣ್ಣು ನೋಡಲಾಗದೆ ಸ್ಟೂಲಿನತ್ತ ನೋಡಿದರು.

ಡಾಕ್ಟರು ಮರುದಿನ ಬರೀ ಅಂಗಿಯಲ್ಲೇ ಭಾಷಣ ಮಾಡಿದರು. ಕೋಟು ಅಂಗಡಿಯ ಗೋಡೆಯ ಮೊಳೆಗೆ ಏರಿತು. ಡಾಕ್ಟರು, ಮಾಸ್ಟರು, ಇಬ್ಬರಲ್ಲಿ ಯಾರಿಗೆ ಮೊದಲು ಗುಂಡಿ ಹತ್ತುತ್ತದೋ ಕೋಟು ಅವರದು ಎಂದು ಹೆಂಡತಿಯ ತೀರ್ಪು.

ಸೋಮವಾರ ಸಂಜೆ ಮಾಸ್ಟರು ಪಾರ್ಕಿಗೆ ಹೊರಟರು. "ಇದು ಡಾಕ್ಟ್ರಿಗೆ ಹೆದರಿ ಅಲ್ಲ! ಕೊಟ್ಟ ಮಾತಿಗಾಗಿ!" ಎಂದು ಬೀದಿಗೆಲ್ಲ ಕೇಳುವಂತೆ ಸಾರಿದರು. ಗಂಟೆಯ ನಂತರ ಬೆವರಿನಲ್ಲಿ ತೊಯ್ದು ಬಂದು, ಚಪ್ಪಲಿ ಬಿಚ್ಚಿ, ಸ್ಟೂಲಿನ ಮೇಲೆ ವಿಜಯಿಯಂತೆ ಕುಸಿದರು.

"ನಾಲ್ಕು ಸುತ್ತು! ಬೇಕಾದ್ರೆ ಆ ಡಾಕ್ಟ್ರನ್ನೇ ಕೇಳು, ಮೂರನೇದ್ರಲ್ಲೇ ಬೆಂಚಿನ ಮೇಲೆ ಬಿದ್ಕೊಂಡ್ರು!"

ಹೆಂಡತಿ ಹಳೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: "ಯಾವ ಟೇಪಿನ ನಾಲ್ಕು?"

"ಅಂದ್ರೆ?"

"ಈ ಟೇಪು ತಪ್ಪಲ್ಲ ಅಂತ ನೀವೇ ಹೇಳಿದ್ರಲ್ಲ. ಇದರ ಪ್ರಕಾರ ಮೂವತ್ತೊಂಬತ್ತು ಅಂದ್ರೆ ಮೂವತ್ತನಾಲ್ಕು, ನಾಲ್ಕು ಸುತ್ತು ಅಂದ್ರೆ ಮೂರೂವರೆ. ಇನ್ನರ್ಧ ಸುತ್ತು ಇದೆ, ಏಳಿ."

ಇಂಚು ಮಾಸ್ಟರು ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು.